ಒಂದು ಕೋಟು, ಎರಡು ಕ್ಯಾಮೆರಾ

ಕಳೆದ ಭಾನುವಾರ ತಂಗಿಯ ಮಗ ಮನೆಗೆ ಬಂದಿದ್ದ. ಟೇಬಲ್ ಮೇಲಿದ್ದ ನನ್ನ ಕ್ಯಾಮೆರಾ ಎತ್ತಿಕೊಂಡ. ಹಿಂದಿನ ಪರದೆಯಲ್ಲಿ ಯಾವುದೋ ಫೋಟೊ ಇತ್ತು. ಅದನ್ನು ಬೆರಳಿನಿಂದ ಎಡಕ್ಕೆ ತೀಡಿದ. ಏನೂ ಆಗಲಿಲ್ಲ. ಬಲಕ್ಕೆ ತೀಡಿದ. ಎರಡು ಬೆರಳಿಟ್ಟು ಹಿಗ್ಗಿಸಲು ನೋಡಿದ. ಕಡೆಗೆ ಬಹಳ ಮರುಕದಿಂದ ನನ್ನ ಮುಖ ನೋಡಿ, "ಮಾಮಾ, ಇದು ಹ್ಯಾಂಗ್ ಆಗೇತಿ" ಅಂದ.

ಹ್ಯಾಂಗ್ ಆಗಿರಲಿಲ್ಲ. ಅದು ಹುಟ್ಟಿದ್ದೇ ಹಾಗೆ. ಅದಕ್ಕೆ ಗುಂಡಿಗಳಿವೆ, ಬೆನ್ನ ಮೇಲೆ ಒಂದು ಚಕ್ರ ಇದೆ, ಅದನ್ನು ತಿರುಗಿಸಬೇಕು. ಇಷ್ಟು ಹೇಳುವಷ್ಟರಲ್ಲಿ ಮಿರ್ಚಿ ತಿಂದ ಕೈಯಿಂದ ಪರದೆಯನ್ನು ಪೂರ್ತಿ ಸಾರಿಸಿಬಿಟ್ಟಿದ್ದ. ನಾನು ಪಂಚೆಯ ತುದಿಯಿಂದ ಒರೆಸುತ್ತಾ ಕೂತೆ. ಅಷ್ಟರಲ್ಲಿ ಅವನಿಗೆ ಕಪಾಟಿನಲ್ಲಿದ್ದ ಇನ್ನೊಂದು ಕಂಡಿತು.

"ಇನ್ನೊಂದೂ ಐತೇನು? ಎರಡು ಯಾಕ ಮಾಮಾ? ಎರಡರಾಗ ಯಾವುದು ಛಲೋ?"

ಈ "ಯಾವುದು ಛಲೋ" ಕೇಳಿದರೆ ನನಗೆ ಮೈ ಉರಿಯುತ್ತದೆ. ಎತ್ತು ಛಲೋನೋ ಎಮ್ಮೆ ಛಲೋನೋ ಅಂತ ಯಾರಾದರೂ ಕೇಳುತ್ತಾರಾ? ಕ್ಯಾಮೆರಾ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಂದೇ ಮಾತಿನ ತೀರ್ಪು ಬೇಕು. ಯೂಟ್ಯೂಬಿನಲ್ಲಿ ಇದಕ್ಕಂತಲೇ ಕೂತ ಜನ ಇದ್ದಾರೆ. ಎರಡು ಕ್ಯಾಮೆರಾದಿಂದ ಒಂದೇ ಇಟ್ಟಿಗೆ ಗೋಡೆಯ ಫೋಟೊ ತೆಗೆಯುತ್ತಾರೆ. ಮೂಲೆಯ ಒಂದು ಇಟ್ಟಿಗೆಯನ್ನು ಹಿಗ್ಗಿಸಿ ಹಿಗ್ಗಿಸಿ ತೋರಿಸುತ್ತಾರೆ. ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಇಟ್ಟಿಗೆಯ ಫೋಟೊ ತೆಗೆದಿಲ್ಲ. ತೆಗೆಯುವವರು ಯಾರಿದ್ದಾರೋ ದೇವರಿಗೇ ಗೊತ್ತು.

ನಮ್ಮ ಮನೆಯಲ್ಲಿ ಅವನ್ನು ಐದು, ಏಳು ಅಂತಲೇ ಕರೆಯುತ್ತೇವೆ. ಐದು ಅಂದರೆ ಕ್ಯಾನನ್ 5ಡಿ ಮಾರ್ಕ್ 2, 2008ರದ್ದು. ಏಳು ಅಂದರೆ 7ಡಿ, 2009ರದ್ದು. ಎರಡನ್ನೂ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಐದು ಹುಬ್ಬಳ್ಳಿ ಕಡೆಯ ಮದುವೆ ಫೋಟೊಗ್ರಾಫರ್ ಒಬ್ಬರ ಕೈಯಲ್ಲಿ ದುಡಿದು ಬಂದದ್ದು. ಮೂಲೆಗಳಲ್ಲಿ ಬಣ್ಣ ಹೋಗಿ ಒಳಗಿನ ಲೋಹ ಬೆಳ್ಳಗೆ ಕಾಣುತ್ತದೆ. ಏಳು ಅಷ್ಟು ಸವೆದಿಲ್ಲ, ಆದರೆ ಅದರ ರಬ್ಬರು ಒಂದು ಕಡೆ ಎದ್ದಿದೆ.

ನನ್ನ ಹೆಂಡತಿಯ ಲೆಕ್ಕ ಸರಳ. ಏಳು ಐದಕ್ಕಿಂತ ದೊಡ್ಡದು, ವಯಸ್ಸಿನಲ್ಲಿ ಒಂದು ವರ್ಷ ಸಣ್ಣದು, ಮೇಲೆ ತಲೆಯಲ್ಲಿ ಫ್ಲ್ಯಾಶೂ ಇದೆ. ಐದಕ್ಕೆ ಅದೂ ಇಲ್ಲ. "ಅದನ್ನ ಇಟ್ಕೊಂಡು ಐದನ್ನ ಕೊಟ್ಟು ಬಿಡ್ರಿ" ಅಂದಳು. ಹಾಗಲ್ಲ, ಈ ಕಂಪನಿಯಲ್ಲಿ ನಂಬರು ಕಡಿಮೆ ಆದಷ್ಟೂ ದರ್ಜೆ ಜಾಸ್ತಿ, ರೈಲಿನ ಫಸ್ಟ್ ಕ್ಲಾಸು ಸೆಕೆಂಡ್ ಕ್ಲಾಸು ಇದ್ದ ಹಾಗೆ ಅಂತ ವಿವರಿಸಿದೆ.

"ಹಂಗಾದ್ರ ಏಳನ್ನ ಕೊಡ್ರಿ" ಅಂದಳು.

ಅವಳಿಗೆ ಬೇಕಾಗಿದ್ದು ಕಪಾಟಿನಲ್ಲಿ ಜಾಗ. ಅದರಲ್ಲಿ ತಪ್ಪೇನಿಲ್ಲ.

ಐದು ಕುಂತು ಉಣ್ಣುವ ಜಾತಿ. ಬಾದಾಮಿಗೆ ಹೋಗಿ, ಅಗಲಕ್ಕೆ ತೋರಿಸುವ 17-40 ಲೆನ್ಸ್ ಹಾಕಿ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಸಂಜೆಯ ಬಿಸಿಲು ಭೂತನಾಥನ ಗುಡಿ ಮೇಲೆ ಬೀಳುವವರೆಗೆ ಕಾಯುತ್ತಾ ಇರಬೇಕು. ಆಗ ಅದು ಆ ಕೆಂಪು ಕಲ್ಲಿನ ಒಂದೊಂದು ಪದರವನ್ನೂ ಬಿಡಿಸಿ ಕೊಡುತ್ತದೆ. ಮೂರನೇ ಗುಹೆಯ ಮಬ್ಬಿನಲ್ಲೂ ಅದಕ್ಕೆ ಕಣ್ಣು ಚೆನ್ನಾಗಿ ಕಾಣುತ್ತದೆ. ಆ ಗುಹೆ ಕೊರೆದು ಮುಗಿಸಿದ್ದು 578ರಲ್ಲಿ ಅಂತ ಅಲ್ಲಿಯ ಶಾಸನವೇ ಹೇಳುತ್ತದೆ. ಅಷ್ಟು ವರ್ಷ ಕದಲದೆ ಕೂತ ವಿಷ್ಣುವಿಗೆ ಸೆಕೆಂಡಿಗೆ 3.9 ಫೋಟೊ ತೆಗೆಯುವ ಕ್ಯಾಮೆರಾ ಸಾಕು. ಅದೂ ಜಾಸ್ತಿಯೇ ಆಯಿತು.

ಏಳಕ್ಕೆ ಕುಂತಲ್ಲಿ ಕುಂಡಿ ನಿಲ್ಲುವುದಿಲ್ಲ. ಸೆಕೆಂಡಿಗೆ 8. ಬಾಗಲಕೋಟೆಯ ಹೋಳಿಯಲ್ಲಿ ಬಣ್ಣದ ಬಂಡಿಗಳು ಬರುವಾಗ, ಹಲಗಿ ಸದ್ದಿಗೆ ಎದೆ ನಡುಗುವಾಗ, ಬ್ಯಾರೆಲ್ಲಿನಿಂದ ಎತ್ತಿ ಎರಚಿದ ಬಣ್ಣದ ನೀರು ಇನ್ನೂ ಗಾಳಿಯಲ್ಲೇ ಇರುವಾಗ ಹಿಡಿಯಬೇಕು ಅಂದರೆ ಇದೇ ಬೇಕು. ಐದಕ್ಕೆ ಫೋಕಸ್ ಹಿಡಿಯಲು 9 ಬಿಂದು. ಅದರಲ್ಲಿ ನಾನು ನಂಬುವುದು ನಡುವಿನ ಒಂದನ್ನು ಮಾತ್ರ. ಏಳಕ್ಕೆ 19. ಅದರೊಳಗೆ ಬೆಳಕು ಹಿಡಿಯುವ ಸೆನ್ಸರ್ ಸಣ್ಣದು, ಹಾಗಾಗಿ 300 ಮಿಲಿಮೀಟರಿನ ಲೆನ್ಸ್ ಹಾಕಿದರೆ 480ರಷ್ಟು ಹತ್ತಿರ ತೋರಿಸುತ್ತದೆ. ಹಕ್ಕಿ ನೋಡುವವರಿಗೆ ಇದು ಲಾಟರಿ ಹೊಡೆದ ಹಾಗೆ. ಕತ್ತಲಾದರೆ ಮಾತ್ರ ಇದರ ಫೋಟೊ ಮೇಲೆ ರವೆ ಉದುರಿಸಿದಂತೆ ಕಾಣುತ್ತದೆ.

ಬ್ಯಾಂಕಿನಲ್ಲಿ ಇದ್ದವನಾದ್ದರಿಂದ ಒಂದು ಲೆಕ್ಕವನ್ನೂ ಮಾಡಿಟ್ಟಿದ್ದೇನೆ. ಎರಡರ ಶಟರಿಗೂ ಕಂಪನಿ ಹೇಳಿದ ಆಯುಷ್ಯ ಒಂದೂವರೆ ಲಕ್ಷ ಕ್ಲಿಕ್ಕು. ಬೆರಳು ಎತ್ತದೆ ಒಂದೇ ಸಮ ಹೊಡೆದರೆ ಏಳು 5 ಗಂಟೆ 12 ನಿಮಿಷದಲ್ಲಿ ತನ್ನ ಪಾಲಿನದನ್ನು ಮುಗಿಸುತ್ತದೆ. ಐದು ಹತ್ತೂವರೆ ಗಂಟೆ ದಾಟುತ್ತದೆ. ಈ ಲೆಕ್ಕದಿಂದ ಯಾರಿಗೂ ಏನೂ ಉಪಯೋಗ ಇಲ್ಲ. ನಿದ್ದೆ ಬರದ ರಾತ್ರಿ ಮಾಡಿದ್ದು.

ಇರಲಿ. ನಿಜವಾದ ತೊಂದರೆ ಬೇರೆ ಇದೆ. ಈ ಎರಡಕ್ಕೂ ಒಂದೇ ಜಾತಿಯ ಬ್ಯಾಟರಿ, ಎಲ್‌ಪಿ-ಇ6. ಮೊದಲು ನನ್ನ ಹತ್ತಿರ ಎರಡು ಇದ್ದವು. ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡ ಡುಪ್ಲಿಕೇಟು ಒಂದು ಬೇಸಿಗೆಯಲ್ಲಿ ಪೂರಿಯ ಹಾಗೆ ಉಬ್ಬಿತು. ಉಳಿದದ್ದು ಒಂದು. ಎರಡು ಕ್ಯಾಮೆರಾ, ಒಂದು ಬ್ಯಾಟರಿ. ಇದನ್ನು ಯೋಚಿಸಿದಾಗೆಲ್ಲ ನನಗೆ ನಮ್ಮ ಅಜ್ಜನ ಕೋಟು ನೆನಪಾಗುತ್ತದೆ.

ನಮ್ಮ ಅಜ್ಜ, ಅವನ ಅಣ್ಣ ದೊಡ್ಡಜ್ಜ, ಇಬ್ಬರೂ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದವರು. ಮನೆಯಲ್ಲಿ ಮಗ್ಗ ಎರಡು, ಕೋಟು ಒಂದು. ಕರಿ ಕೋಟು. ದೊಡ್ಡಜ್ಜನ ಮದುವೆಗೆ ಹೊಲಿಸಿದ್ದಂತೆ. ಊರಲ್ಲಿ ಲಗ್ನ ಆದರೆ ಇಬ್ಬರೂ ಮುಖ ತೋರಿಸಲೇಬೇಕು. ಒಬ್ಬನೇ ಹೋದರೆ ಅಣ್ಣತಮ್ಮಂದಿರ ನಡುವೆ ಏನೋ ಆಗಿದೆ ಅಂತ ಮಾತು ಹುಟ್ಟುತ್ತದೆ. ಕೋಟಿಲ್ಲದೆ ಹೋದರೆ ಇನ್ನೊಂದು ಮಾತು. ಅದಕ್ಕೆ ಅವರು ಒಂದು ಏರ್ಪಾಡು ಮಾಡಿಕೊಂಡಿದ್ದರು. ಅಕ್ಕಿಕಾಳಿಗೆ ದೊಡ್ಡಜ್ಜ ಕೋಟು ಹಾಕಿಕೊಂಡು ಮುಂದೆ ನಿಲ್ಲುವುದು. ಅದು ಮುಗಿದ ಕೂಡಲೇ ದನದ ಕೊಟ್ಟಿಗೆಗೆ ಹೋಗಿ ಬಿಚ್ಚಿ ಕೊಡುವುದು. ಅಜ್ಜ ಅದನ್ನೇ ಹಾಕಿಕೊಂಡು ಊಟದ ಪಂಕ್ತಿಗೆ ಬರುವುದು. ದೊಡ್ಡಜ್ಜ ಉದ್ದ, ತೆಳ್ಳಗೆ. ಅಜ್ಜ ಗಿಡ್ಡ, ಹೊಟ್ಟೆ ಬೇರೆ. ಕೋಟಿನ ತೋಳು ಅಜ್ಜನ ಬೆರಳನ್ನೂ ಮುಚ್ಚುತ್ತಿತ್ತು. ಹೋಳಿಗೆ ತುಪ್ಪ ಎಲ್ಲ ಆ ತೋಳಿಗೇ. ಮುಂದಿನ ಲಗ್ನದಲ್ಲಿ ಆ ತುಪ್ಪದ ವಾಸನೆಯ ತೋಳಿನಿಂದಲೇ ದೊಡ್ಡಜ್ಜ ಅಕ್ಕಿಕಾಳು ಹಾಕಬೇಕು. ಅವನು ಒಳಗೇ ಕುದಿಯುತ್ತಿದ್ದ ಅಂತ ಅವ್ವ ಹೇಳುತ್ತಿದ್ದಳು.

ಮುಂದೆ ಅವರು ಬೇರೆಯಾದರು. ಮನೆ ಪಾಲಾಯಿತು. ಮಗ್ಗ ಒಂದೊಂದು. ತಾಮ್ರದ ಹಂಡೆ ಒಬ್ಬನಿಗೆ, ಹಿತ್ತಾಳೆಯ ಕೊಡಗಳು ಇನ್ನೊಬ್ಬನಿಗೆ. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿದಿತ್ತು. ಕೋಟಿನ ಹತ್ತಿರ ಬಂದು ನಿಂತಿತು. ಹಿರಿಯರು ಕೂತು, ಎಲೆ ಅಡಿಕೆ ಮೂರು ಸಲ ತರಿಸಿ, ಕಡೆಗೆ ಒಂದು ತೀರ್ಪು ಕೊಟ್ಟರು. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿವರೆಗೆ ಕೋಟು ಅಣ್ಣನ ಹತ್ತಿರ. ಮರು ವರ್ಷ ತಮ್ಮನ ಹತ್ತಿರ. ಒಳ್ಳೆಯ ತೀರ್ಪೇ. ಎರಡು ಮೂರು ವರ್ಷ ನಡೆಯಿತು. ಆಮೇಲೆ ಅಧಿಕ ಮಾಸ ಬಂತು. ಆ ವರ್ಷಕ್ಕೆ ಹದಿಮೂರು ತಿಂಗಳು, ಕೋಟು ಅಣ್ಣನ ಹತ್ತಿರ. ಹನ್ನೆರಡು ಮುಗಿದ ಮರುದಿನವೇ ಅಜ್ಜ ಹೋಗಿ ಬಾಗಿಲಲ್ಲಿ ನಿಂತ. "ಯುಗಾದಿ ಇನ್ನೂ ಬಂದಿಲ್ಲೋ" ಅಂದ ದೊಡ್ಡಜ್ಜ. "ವರ್ಷ ಮುಗಿದೈತಿ" ಅಂದ ಅಜ್ಜ. ಪಂಚಾಂಗ ತರಿಸಿದರು. ಅಧಿಕ ಮಾಸದಲ್ಲಿ ಲಗ್ನಗಳೇ ಇರುವುದಿಲ್ಲ, ಹಾಗಾಗಿ ಆ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ದೊಡ್ಡಜ್ಜನ ವಾದ. ಕೋಟು ಬರೀ ಲಗ್ನಕ್ಕೇನು, ಥಂಡಿಗೂ ಬೇಕಲ್ಲ ಅಂತ ಅಜ್ಜನ ವಾದ. ನನಗೆ ಇವತ್ತಿಗೂ ಯಾರದು ಸರಿ ಅಂತ ಹೇಳಲು ಬರುವುದಿಲ್ಲ. ಈ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟರು. ಕೋಟು ಯಾರ ಮನೆಗೂ ಬೇಡ ಅಂತ ನಡುವೆ ಒಬ್ಬ ಹಿರಿಯರ ಪೆಟ್ಟಿಗೆ ಸೇರಿತು. ಮತ್ತೆ ತೆಗೆದು ನೋಡಿದಾಗ ನುಸಿ ತಿಂದು ಬರೀ ಕಾಲರು, ಗುಂಡಿ ಉಳಿದಿದ್ದವು. ಅದರ ಎರಡು ಗುಂಡಿ ನಮ್ಮ ಮನೆಯ ಪಗಡೆ ಆಟದಲ್ಲಿ ಕಾಯಿಯಾಗಿ ಬಹಳ ವರ್ಷ ಓಡಾಡಿದವು. ನಾನೇ ಅವನ್ನು ನಡೆಸಿದ್ದೇನೆ.

ಎಲ್ಲಿದ್ದೆ? ಬ್ಯಾಟರಿ.

ಹೋದ ಚಳಿಗಾಲದಲ್ಲಿ ಆಲಮಟ್ಟಿಯ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿವೆ ಅಂತ ಸುದ್ದಿ ಸಿಕ್ಕಿತು. ಹಿಮಾಲಯ ದಾಟಿ ಬರುವ ಹಕ್ಕಿಗಳು. ನವನಗರದಿಂದ ಹೊರಟು ಬರುವ ನನಗೆ ಬೆಳಿಗ್ಗೆ ಐದಕ್ಕೆ ಏಳುವುದೇ ಒಂದು ಹಿಮಾಲಯ. ಆದರೂ ಎದ್ದೆ. ಏಳನ್ನು ಚೀಲಕ್ಕೆ ಹಾಕಿ, ಉದ್ದ ಲೆನ್ಸ್ ತಗೊಂಡು, ಸ್ಕೂಟರಿನಲ್ಲಿ ನಡುಗುತ್ತಾ ಹೋಗಿ, ಜಾಲಿಗಿಡದ ಮರೆಯಲ್ಲಿ ಕೂತೆ. ನೂರಾರು ಹಕ್ಕಿ. ತಲೆಯ ಹಿಂದಿನ ಎರಡು ಕರಿ ಪಟ್ಟೆ ಬರಿಗಣ್ಣಿಗೇ ಕಾಣುವಷ್ಟು ಹತ್ತಿರ. ಕ್ಯಾಮೆರಾ ಎತ್ತಿ ಸ್ವಿಚ್ ಒತ್ತಿದೆ. ಸತ್ತ ಹಾಗೆ ಬಿದ್ದಿದೆ. ಬ್ಯಾಟರಿ ಮನೆಯಲ್ಲಿ, ಐದರ ಹೊಟ್ಟೆಯಲ್ಲಿ. ಕೋಟು ಅಣ್ಣನ ಹತ್ತಿರವೇ ಉಳಿದಿತ್ತು.

ಎರಡು ತಾಸು ಸುಮ್ನೆ ಕೂತು ನೋಡಿ ಬಂದೆ. ಇದನ್ನು ಹೇಳಿದಾಗ ಒಬ್ಬ ಗೆಳೆಯರು, "ಒಳ್ಳೇದೇ ಆತು ಬಿಡ್ರಿ, ಕಣ್ತುಂಬ ನೋಡಿದ್ರಿ" ಅಂದರು. ಏನೂ ಒಳ್ಳೆಯದಾಗಲಿಲ್ಲ. ನನಗೆ ಫೋಟೊ ಬೇಕಾಗಿತ್ತು. ಕಣ್ತುಂಬ ನೋಡುವುದಕ್ಕೆ ಬೆಳಿಗ್ಗೆ ಐದಕ್ಕೆ ಎದ್ದು ಒಂದು ಕಿಲೋ ಮೇಲೆ ಭಾರ ಹೊತ್ತು ಯಾಕೆ ಹೋಗಬೇಕು?

ಇದರ ಉಲ್ಟಾನೂ ಆಗಿದೆ. ಬಾದಾಮಿಗೆ ಹೋಗುವ ದಿನ ಬ್ಯಾಟರಿ ಏಳರಲ್ಲಿತ್ತು, ಉದ್ದ ಲೆನ್ಸೂ ಅದಕ್ಕೇ ಇತ್ತು, ಹೊತ್ತಾಯಿತು ಅಂತ ಹಾಗೇ ಎತ್ತಿಕೊಂಡು ಓಡಿದೆ. ಗುಹೆಯಲ್ಲಿ ಹಿಂದೆ ಸರಿದೆ, ಇನ್ನೂ ಸರಿದೆ, ಬೆನ್ನು ಕಂಬಕ್ಕೆ ಬಡಿಯಿತು. ಚೌಕಟ್ಟಿನಲ್ಲಿ ಸಿಕ್ಕಿದ್ದು ವಿಷ್ಣುವಿನ ಕಿರೀಟ, ಆದಿಶೇಷನ ಎರಡು ಹೆಡೆ. ಕೆಳಗೆ ಕೆರೆ ದಂಡೆಗೆ ಬಂದರೆ ಅಲ್ಲಿ ಮದುವೆಗೆ ಮುಂಚಿನ ಫೋಟೊದವರ ಗದ್ದಲ. ಬಣ್ಣದ ಹೊಗೆ ಬಿಟ್ಟು, ಹುಡುಗಿಯ ಉದ್ದ ಗೌನನ್ನು ಇಬ್ಬರು ಹಿಡಿದು ಹಾರಿಸುತ್ತಿದ್ದರು. ಒಂದು ಮಂಗ ಭೂತನಾಥನ ಕಟ್ಟೆಯ ಮೇಲೆ ಕೂತು ನೋಡುತ್ತಿತ್ತು. ಅದರ ಮುಖದಲ್ಲಿದ್ದದ್ದೇ ನನ್ನ ಅಭಿಪ್ರಾಯ ಕೂಡ.

ಇನ್ನೊಂದು ಬ್ಯಾಟರಿ ತಗೊಂಡರೆ ಮುಗಿಯಿತಲ್ಲ ಅಂತ ನೀವು ಕೇಳಬಹುದು. ಮನೆಯಲ್ಲೂ ಕೇಳುತ್ತಾರೆ. ಅದೇ ಆಕಾರದ ಹೊಸದು ಈಗಲೂ ಸಿಗುತ್ತದೆ. ಆದರೆ ಎರಡಾದರೆ ಎರಡೂ ಕ್ಯಾಮೆರಾ ಹೊತ್ತೊಯ್ಯಬೇಕು. ನನ್ನ ಹೆಗಲಿಗೆ ಅರವತ್ತೆರಡು ವರ್ಷ. ಮೇಲಾಗಿ ಹೊಸ ವಸ್ತು ಕೇಳಲು ಅಂಗಡಿಗೆ ಹೋಗುವುದೇ ನನಗೆ ಬೇಡವಾಗಿದೆ. ಇವೆರಡಕ್ಕೂ ಹಾಕುವುದು ಸಿಎಫ್ ಕಾರ್ಡು, ಫೋಟೊ ತುಂಬಿಡುವ ಹಳೆಯ ಜಾತಿಯ ಮೆಮೊರಿ ಕಾರ್ಡು. ಅದನ್ನು ಓದುವ ರೀಡರ್ ಇದೆಯಾ ಅಂತ ಒಂದು ಕಡೆ ಕೇಳಿದ್ದೆ. ಹುಡುಗ ಒಳಗೆ ಹೋಗಿ ಬಹಳ ಹೊತ್ತು ಹುಡುಕಿ, ಧೂಳು ಒರೆಸಿ, ಒಂದು ಸಿಎಫ್‌ಎಲ್ ಬಲ್ಬು ತಂದು ಕೊಟ್ಟ.

ಕಡೆಗೆ ಮನೆಯವಳ ಕಾಟಕ್ಕೆ, ಒಂದನ್ನು ಮಾರುತ್ತೇನೆ ಅಂತ ನಾಲ್ಕು ಜನರಿಗೆ ಹೇಳಿಟ್ಟೆ. ಮೊನ್ನೆ ಇಳಕಲ್ಲಿನಿಂದ ಒಬ್ಬ ಹುಡುಗ ಬಂದ. ವಿನಯದವನು. ಚಪ್ಪಲಿ ಹೊರಗೆ ಬಿಟ್ಟು, ನೀರು ಕುಡಿದು, ಕೂತ. ಎರಡನ್ನೂ ಮುಂದಿಟ್ಟೆ. ಐದಕ್ಕೆ ಬ್ಯಾಟರಿ ಹಾಕಿ ತೋರಿಸಿದೆ. ತೆಗೆದು ಏಳಕ್ಕೆ ಹಾಕಿ ತೋರಿಸಿದೆ. "ಇನ್ನೊಮ್ಮೆ ಅದನ್ನ ನೋಡ್ತೀನ್ರಿ" ಅಂದ. ಮತ್ತೆ ತೆಗೆದು ಹಾಕಿದೆ. ಐದರಿಂದ ಗೋಡೆಯ ಗಡಿಯಾರದ್ದು ಒಂದು ತೆಗೆದ. ಏಳನ್ನು ಕಿಟಕಿಯ ಹೊರಗಿನ ಗುಬ್ಬಿಗೆ ಹಿಡಿದು ಬಿಟ್ಟ, ಟಕಟಕಟಕ ಅಂತ ಇಪ್ಪತ್ತು ಹೊಡೆಯಿತು. ಅವನ ಕಣ್ಣು ಅರಳಿತು. ಎರಡೂ ಸಲ ಅರಳಿತು. ಪರದೆಯನ್ನು ಬೆರಳಿನಿಂದ ತೀಡಲಿಲ್ಲ, ಚಕ್ರ ತಿರುಗಿಸಿದ. ಇವನಿಗೆ ಯಾವುದನ್ನಾದರೂ ಕೊಡಬಹುದು ಅನ್ನಿಸಿತು.

"ಎರಡರಾಗ ಯಾವುದು ಛಲೋರೀ ಸರ್?" ಅಂದ.

ನಾನು ಬಾಯಿ ತೆಗೆದೆ. ಐದು, ಏಳು, ಬಾದಾಮಿ, ಹೋಳಿ ಎಲ್ಲ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಅವನೇ, "ಯಾವುದರ ಆಗ್ಲಿ, ಬ್ಯಾಟರಿ ಕೂಡೇ ಬರ್ತೈತಲ್ರೀ?" ಅಂದ.

"ಬ್ಯಾಟರಿ ಕೊಡಾಂಗಿಲ್ಲ" ಅಂದೆ.

ಅಂದದ್ದು ಇಷ್ಟು ಜೋರಾಗಿ ಬರುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಹುಡುಗ ನನ್ನನ್ನು ನೋಡಿದ, ಮೇಜಿನ ಮೇಲಿದ್ದ ಬ್ಯಾಟರಿಯನ್ನು ನೋಡಿದ. "ವಿಚಾರ ಮಾಡಿ ಫೋನ್ ಮಾಡ್ತೀನ್ರಿ" ಅಂತ ಎದ್ದು ಹೋದ. ಬಾಗಿಲು ಹಾಕಿ ಬಂದು ಬ್ಯಾಟರಿಯನ್ನು ಚಾರ್ಜರಿಗೆ ಸಿಕ್ಕಿಸಿದೆ. ಅರ್ಧ ತುಂಬುವವರೆಗೆ ಅದು ಒಂದೊಂದೇ ಸಲ ಮಿನುಗುತ್ತದೆ, ಆಮೇಲೆ ಎರಡೆರಡು, ಮುಕ್ಕಾಲು ದಾಟಿದರೆ ಮೂರು ಮೂರು. ನಾನು ಎಣಿಸುತ್ತಾ ಕೂತೆ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಯಿತು.