ಅಕ್ಷರವನ್ನು ಫೋಟೋ ಮಾಡಬೇಡಿ

ಕನ್ನಡದ ವೆಬ್‌ಸೈಟ್‌ಗಳಲ್ಲಿ ನನಗೆ ಜಾಸ್ತಿ ಬೇಸರ ತರಿಸುವುದು ಅಕ್ಷರವನ್ನು ಫೋಟೋ ಮಾಡಿ ಹಾಕುವ ಅಭ್ಯಾಸ. ಕಣ್ಣಿದ್ದವರಿಗೆ ಅದರ ತೊಂದರೆ ಗೊತ್ತೇ ಆಗುವುದಿಲ್ಲ.

ತೀರ್ಥಹಳ್ಳಿ ಕಡೆ ಇರುವ ನಮ್ಮ ಸೋದರಮಾವನಿಗೆ ಶುಗರ್‌ನಿಂದ ದೃಷ್ಟಿ ಹೋಗಿದೆ. ತೋಟದ ಲೆಕ್ಕ ಈಗಲೂ ಅವರದೇ. ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡಿದ್ದಾರೆ. ಬೆರಳು ಸರಿಸಿದ ಹಾಗೆ ಪರದೆ ಮೇಲಿದ್ದದ್ದನ್ನು ಅದು ಕನ್ನಡದಲ್ಲೇ ಓದುತ್ತದೆ. ಸುದ್ದಿ ಕೇಳುತ್ತಾರೆ, ಮೆಸೇಜ್ ಕಳಿಸುತ್ತಾರೆ. ಅಡಿಕೆ ಧಾರಣೆಗೆ ಮಾತ್ರ ಪಕ್ಕದ ಮನೆ ಹುಡುಗನನ್ನು ಕರೆಯಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲದರ ದರವೂ ಒಂದು ಬಣ್ಣದ ಫೋಟೋ ಒಳಗೆ ಕೂತಿರುತ್ತದೆ. ಫೋನು 'ಚಿತ್ರ' ಅಂತ ಹೇಳಿ ಮುಂದೆ ಹೋಗುತ್ತದೆ. ಅದೇ ನಾಲ್ಕು ಸಾಲು ಟೈಪ್ ಮಾಡಿದ್ದರೆ ಸಾಕಿತ್ತು, ಅಲ್ವಾ?

ಸುತ್ತೋಲೆಗಳದ್ದೂ ಇದೇ ಕಥೆ. ಪ್ರಿಂಟ್ ತೆಗೆದು, ಸೀಲು ಹೊಡೆದು, ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕುತ್ತಾರೆ. ಅದರಲ್ಲಿ ಓದಿ ಹೇಳುವ ತಂತ್ರಾಂಶಕ್ಕೆ ಒಂದಕ್ಷರವೂ ಸಿಗುವುದಿಲ್ಲ. ಇನ್ನು ಯೂನಿಕೋಡ್ (ಎಲ್ಲ ಕಂಪ್ಯೂಟರು, ಫೋನುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತಗಳು ನೋಡಲು ಚಂದದ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕೇಳುವವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಯೂನಿಕೋಡ್ ಬಂದು ಇಷ್ಟು ವರ್ಷವಾದ ಮೇಲೂ ಇದು ನಡೆಯಬಾರದು.

'ಪಾಪ, ಅವರಿಗೂ ಏನಾದರೂ ಮಾಡೋಣ' ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಇದು ಹಕ್ಕು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಆಸಿಡ್ ದಾಳಿಗೆ ಒಳಗಾದವರು ಗ್ರಾಹಕರ ಗುರುತು ಖಚಿತಪಡಿಸುವ ಕೆವೈಸಿಗಾಗಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲು ಆಗದೆ ಕೋರ್ಟಿಗೆ ಹೋಗಿದ್ದರು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಲ್ಲರ ಕೈಗೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಎಲ್ಲೋ ನಾಲ್ಕು ಜನರ ವಿಷಯವಲ್ಲ.

ಖರ್ಚಿನ ಮಾತು ತೆಗೆಯುತ್ತಾರೆ. ಫೋಟೋ ಹಾಕುವಾಗ ಅದರಲ್ಲಿ ಏನಿದೆ ಎಂದು ಒಂದು ಸಾಲು ಬರೆಯಲು ಏನು ಖರ್ಚು? ವಿಡಿಯೋಗೆ ಕನ್ನಡ ಸಬ್‌ಟೈಟಲ್ ಹಾಕಲು ಒಂದಿಷ್ಟು ಹೊತ್ತು ಬೇಕು, ಒಪ್ಪುತ್ತೇನೆ. ಆದರೆ ಬಿಳಿ ಹಿನ್ನೆಲೆ ಮೇಲೆ, ಕಣ್ಣು ಮಂಜಾದವರಿಗೆ ಕಾಣದಂಥ ತೆಳು ಬೂದು ಅಕ್ಷರ ಹಾಕದೇ ಇರುವುದಕ್ಕೆ ಅದೂ ಬೇಡ.

ಶಿವಮೊಗ್ಗ, ಸಾಗರದಲ್ಲಿ ಅಂಗಡಿಗೆ, ಸಂಘಕ್ಕೆ, ಶಾಲೆಗೆ ವೆಬ್‌ಸೈಟ್ ಮಾಡಿಕೊಡುವ ಗೆಳೆಯರಲ್ಲಿ ಒಂದು ಕೋರಿಕೆ. ಕೆಲಸ ಮುಗಿದ ಮೇಲೆ ಮೌಸ್ ಪಕ್ಕಕ್ಕಿಟ್ಟು ಬರೀ ಕೀಬೋರ್ಡಿನಿಂದಲೇ ಅರ್ಜಿ ತುಂಬಲು ಆಗುತ್ತದಾ ನೋಡಿ. ಆಮೇಲೆ ಕಂಪ್ಯೂಟರಿನಲ್ಲಿ ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿಕೊಳ್ಳಿ, ಅದು ಉಚಿತ. ಪರದೆ ಆಫ್ ಮಾಡಿ ಒಮ್ಮೆ ಕೇಳಿ. ಎಲ್ಲಿ ಸಿಕ್ಕಿಹಾಕಿಕೊಂಡಿರೋ ಅದನ್ನು ಸರಿಮಾಡಿಯೇ ಗ್ರಾಹಕರ ಕೈಗೆ ಕೊಡಿ.