ಏಳು ಪಾಯಿಂಟ್ ನಾಲ್ಕು

ರಾಯಚೂರಿನ ಏಪ್ರಿಲ್ ಸಂಜೆ ಅಂದರೆ ಫ್ಯಾನೂ ಬಿಸಿಗಾಳಿಯನ್ನೇ ಹಂಚುವ ಹೊತ್ತು. ಅಂಥದ್ದರಲ್ಲಿ ಹೆಣ್ಣುಮಕ್ಕಳ ಪೊಯೆಟ್ರಿ ಸ್ಲ್ಯಾಮ್, ಅಂದರೆ ವೇದಿಕೆಯಲ್ಲಿ ಕವಿತೆ ಹೇಳುವ ಸ್ಪರ್ಧೆ, ಇದೆ ಅಂತ ಅತ್ತೆಯನ್ನೂ ಕರಕೊಂಡು ಹೋದೆ. ಕವಿಗೋಷ್ಠಿ ಅಂದುಕೊಂಡು ಹೊರಟಿದ್ದ ಅವರಿಗೆ ಹಾರ, ಶಾಲು, ಅಧ್ಯಕ್ಷರ ಭಾಷಣ ಒಂದೂ ಕಾಣದೆ ಅರ್ಧ ಖುಷಿ, ಅರ್ಧ ಅನುಮಾನ.

ಬಾಗಿಲಲ್ಲೇ ಒಬ್ಬಳು ನನ್ನ ಕೈಗೆ ರಟ್ಟು, ಮಾರ್ಕರ್ ತುರುಕಿ "ಆಂಟಿ, ನೀವು ಜಡ್ಜ್" ಅಂದಳು. ಸ್ಲ್ಯಾಮಿನ ಪದ್ಧತಿಯೇ ಅದು. 1986ರಲ್ಲಿ ಶಿಕಾಗೋದ ಗ್ರೀನ್ ಮಿಲ್ ಎಂಬ ಜಾಜ್ ಕ್ಲಬ್ಬಿನಲ್ಲಿ ಇದಕ್ಕೆ ನೆಲೆ ಒದಗಿಸಿದ ಮಾರ್ಕ್ ಸ್ಮಿತ್ ಕಟ್ಟಡ ಕೆಲಸದಾತ. ಪಂಡಿತರ ಗೊಡವೆ ಬೇಡ, ಕೇಳಲು ಬಂದವರಲ್ಲೇ ಐವರು ಅಂಕ ಹಾಕಲಿ ಅನ್ನುವುದು ಕ್ರಮ. ಹತ್ತಕ್ಕೆ ಇಷ್ಟು ಅಂತ ಅಂಕ. ಎಲ್ಲಕ್ಕಿಂತ ಹೆಚ್ಚಿನದು, ಕಡಿಮೆಯದು ಬಿಟ್ಟು ಉಳಿದ ಮೂರನ್ನು ಕೂಡಿಸುವುದು. ಕವಿತೆಗೆ 3 ನಿಮಿಷ. ವಾದ್ಯ, ವೇಷ ಇಲ್ಲ.

"ಹಾಡಿಗೂ ಮಾರ್ಕ್ಸ್ ಹಾಕ್ತಾರೇನವ್ವಾ?" ಅಂದರು ಅತ್ತೆ.

ಮೊದಲು ಬಂದವಳು ಕಾಲೇಜು ಹುಡುಗಿ. ಹತ್ತಿ ಬಿಡಿಸುವ ಅವ್ವನ ಬೆರಳೇ ಅವಳ ಕವಿತೆ. ಒಣಗಿದ ಕಾಯಿಯ ಚೂಪು ತುದಿ ಉಗುರಿನ ಸಂದಿಯಲ್ಲಿ ಗೀರುವುದು, ಅದೇ ಬೆರಳಲ್ಲಿ ರಾತ್ರಿ ಖಾರ ಕಲಸುವುದು. ಅಷ್ಟು ಹೇಳಿ ಮುಂದಿನ ಸಾಲು ಮರೆತಳು. ಮೈಕು ಗುಂಯ್ ಅಂದಿತು. ಹೆಬ್ಬೆರಳಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತ ನಿಂತಳು. ಬೇರೆ ಕಡೆ ಇಂಥ ಹೊತ್ತಿನಲ್ಲಿ ಚಿಟಿಕೆ ಹೊಡೆದು ಧೈರ್ಯ ತುಂಬುತ್ತಾರೆ. ನಮ್ಮದು 1948ರವರೆಗೆ ನಿಜಾಮರ ಊರು, ಉರ್ದು ಕವಿಗೋಷ್ಠಿ ಮುಷಾಯಿರಾದ ರುಚಿ ಇನ್ನೂ ನಾಲಗೆ ಬಿಟ್ಟಿಲ್ಲ, ಹಿಂದಿನಿಂದ ಯಾರೋ "ವ್ಹಾ!" ಅಂದರು. ಅತ್ತೆ ಮಾತ್ರ ಮೆಲ್ಲಗೆ, "ಹೇಳವಾ, ಹೇಳು." ಹೇಳಿ ಮುಗಿಸಿದಳು.

ನಾನು 7.4 ಬರೆದೆ. ಸೀರೆ ಅಂಗಡಿಯಲ್ಲಿ ಮೊದಲು ಬಿಚ್ಚಿದ ಸೀರೆಯನ್ನು, ಎಷ್ಟೇ ಮನಸಿಗೆ ಬಂದರೂ, ಬದಿಗಿಡುತ್ತೇವಲ್ಲ, ಹಾಗೆ.

ಆಮೇಲೆ ಅಂಕಗಳು ಏರುತ್ತಲೇ ಹೋದವು. ಕೊನೆಯಾಕೆ ಕೈಬೀಸಿ ಗುಡುಗಿದ್ದಕ್ಕೆ ನಾನೇ 9.6 ಎತ್ತಿ ಹಿಡಿದೆ. ಅದರ ಒಂದು ಸಾಲೂ ಈಗ ನೆನಪಿಲ್ಲ. ಇದೇ ಜಿಲ್ಲೆಯ ಲಿಂಗಸುಗೂರು ಕಡೆಯ ಆಯ್ದಕ್ಕಿ ಲಕ್ಕಮ್ಮ, ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಅಲ್ಲೇ ಸುರಿದು ಬಾ ಅಂದಾಕೆ. ಆಕೆಯ ವಚನಕ್ಕೆ ಅರ್ಧ ನಿಮಿಷ ಸಾಕು. ಆಕೆ ಮೊದಲನೆಯವಳಾಗಿ ಬಂದು ನಿಂತಿದ್ದರೆ ನನ್ನ ರಟ್ಟಿನ ಮೇಲೆ ಎಷ್ಟು ಬೀಳುತ್ತಿತ್ತೋ!

ಆಟೋದಲ್ಲಿ ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು, ಅಂಕ ಒಂದೂ ಕಂಡಿರಲಿಲ್ಲ.

"ಆ ಹತ್ತಿ ಹುಡುಗಿಗೆ ಎಷ್ಟು ಹಾಕಿದಿ?"

"ಒಂಬತ್ತು" ಅಂದೆ.

"ಒಂದ್ಯಾಕ ಕಡಿಮಿ?"