ಬೀಳೋದಕ್ಕೆ ಮೊದಲೇ ಹೇಳಿದ್ದಿರಾ?

ಆ ಒಣ ಕೊಂಬೆಯನ್ನು ಎರಡು ವರ್ಷ ನೋಡಿಕೊಂಡೇ ಕೂತಿದ್ದೆ. ಮರ ಪಕ್ಕದ ಮನೆಯವರದು, ಕೊಂಬೆ ಮಾತ್ರ ನಮ್ಮ ಕಾರ್ ಶೆಡ್ ಮೇಲೆ. ಎಲೆ ಇಲ್ಲ, ತೊಗಟೆ ಕಳಚುತ್ತಿತ್ತು. ಹೇಳೋಣ ಅಂದುಕೊಂಡಾಗಲೆಲ್ಲ ದಾಕ್ಷಿಣ್ಯ. ಒಳ್ಳೆಯ ಜನ, ಸುಮ್ನೆ ಯಾಕೆ ಮನಸ್ಸು ಕೆಡಿಸಿಕೊಳ್ಳೋದು ಅಂತ. ಒಂದು ರಾತ್ರಿ, ಗಾಳಿ ಕೂಡ ಇರಲಿಲ್ಲ, ಮುರಿದು ಬಿತ್ತು. ಎರಡು ಶೀಟ್ ಹೋದವು, ಕಾರಿನ ಹಿಂದಿನ ಗಾಜು ಪುಡಿಪುಡಿ.

ಬೆಳಿಗ್ಗೆ ಹೋಗಿ ಕೇಳಿದೆ. "ಮೊದಲೇ ಒಂದು ಮಾತು ಹೇಳಬಾರದಿತ್ತಾ ಸಾರ್? ನಮ್ಮ ಕಡೆಯಿಂದ ಅದು ಕಾಣೋದೇ ಇಲ್ಲ" ಅಂದರು. ಮೈ ಉರಿಯಿತು. ಮರ ಅವರದು, ತಪ್ಪು ನನ್ನದಾ? ಸೀದಾ ವಕೀಲರ ಹತ್ತಿರ ಹೋದೆ. ಅವರೂ ಅದನ್ನೇ ಕೇಳಬೇಕೇ! "ಬೀಳೋದಕ್ಕೆ ಮೊದಲು ಹೇಳಿದ್ದಿರಾ? ಬರೆದು ಕೊಟ್ಟಿದ್ದಿರಾ?"

ಆಮೇಲೆ ಕೂತು ಓದಿದೆ. ಮರ ನಿಮ್ಮದು, ನಷ್ಟ ನನ್ನದು, ದುಡ್ಡು ಕೊಡಿ ಅನ್ನುವಷ್ಟು ಸಲೀಸಲ್ಲ ಇದು. ಇಂಗ್ಲೆಂಡಿನಲ್ಲಿ 1926ರ ನೋಬಲ್ ಮತ್ತು ಹ್ಯಾರಿಸನ್ ಪ್ರಕರಣವಿದೆ. ರಸ್ತೆಗೆ ಚಾಚಿಕೊಂಡಿದ್ದ ಬೀಚ್ (beech) ಜಾತಿಯ ಮರದ ಕೊಂಬೆ, ಕೆಳಗೆ ಹೋಗುತ್ತಿದ್ದ ಬಸ್ಸಿನ ಮೇಲೆ ಮುರಿದು ಬಿತ್ತು. ಅದೂ ಗಾಳಿಮಳೆ ಇಲ್ಲದ ದಿನ. ಕೊಂಬೆಯೊಳಗಿನ ದೋಷ ಹೊರಗಿನಿಂದ ಯಾರು ನೋಡಿದರೂ ತಿಳಿಯುವಂಥದ್ದಲ್ಲ ಅಂತ ಮರದ ಮಾಲೀಕನನ್ನು ಬಿಟ್ಟುಬಿಟ್ಟರು.

ಇನ್ನೊಂದು, ಡೆಲವೇರ್ ಮ್ಯಾನ್ಶನ್ಸ್ ಪ್ರಕರಣ, 2001ರದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನಗರಾಡಳಿತಕ್ಕೆ ಸೇರಿದ ರಸ್ತೆಬದಿಯ ಮರ. ಬೇರು ನೀರು ಹೀರಿ ಜೇಡಿಮಣ್ಣು ಕುಗ್ಗಿತು, ಪಕ್ಕದ ಫ್ಲ್ಯಾಟುಗಳ ಗೋಡೆ ಬಿರುಕು ಬಿಟ್ಟಿತು. ಮರ ತೆಗೆಸಿ ಅಂತ ಫ್ಲ್ಯಾಟಿನವರು ಹೇಳಿದರು, ತೆಗೆಸಲಿಲ್ಲ. ಕೊನೆಗೆ ಅಡಿಪಾಯ ಗಟ್ಟಿ ಮಾಡಿಸಿದ ಖರ್ಚು, ಸುಮಾರು 5 ಲಕ್ಷ 70 ಸಾವಿರ ಪೌಂಡ್, ನಗರಾಡಳಿತದ ತಲೆಗೇ ಬಂತು. ಹೇಳಿದ್ದರು, ಸರಿಪಡಿಸೋಕೆ ಅವಕಾಶ ಕೊಟ್ಟಿದ್ದರು ಅನ್ನೋದೇ ಅಲ್ಲಿ ದೊಡ್ಡ ಮಾತಾಯಿತು.

ನನ್ನ ಹತ್ತಿರ ಏನಿತ್ತು? ಎರಡು ವರ್ಷದ ದಾಕ್ಷಿಣ್ಯ.

"ನೀವೇ ಕಡಿದು ಹಾಕಬೇಕಿತ್ತು" ಅಂದರು ಒಬ್ಬರು. ಇದೂ ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ನಮ್ಮ ಗಡಿ ದಾಟಿ ಬಂದಷ್ಟನ್ನು ನಮ್ಮ ಜಾಗದಲ್ಲೇ ನಿಂತು ಕಡಿಯಬಹುದು, ಆದರೆ ಕಡಿದ ಕೊಂಬೆ ಮರದವರದೇ. ಜರ್ಮನಿಯಲ್ಲಿ ಕೊಂಬೆಗಾದರೆ ಮೊದಲು ಗಡುವು ಕೊಡಬೇಕು. ಜಪಾನಿನಲ್ಲಂತೂ ಪಕ್ಕದವರ ಬೇರನ್ನು ಕಡಿಯಬಹುದಿತ್ತು, ಕೊಂಬೆ ಮುಟ್ಟುವಂತಿರಲಿಲ್ಲ. 2023ರಲ್ಲಿ ಕಾನೂನು ಬದಲಾಗಿ, ಹೇಳಿದ ಮೇಲೂ ಅವರು ತಕ್ಕಷ್ಟು ಸಮಯದಲ್ಲಿ ಕಡಿಯದಿದ್ದರೆ ನಾವೇ ಕಡಿಯಬಹುದು ಅಂತಾಯಿತು. ನೋಡಿ, ಇಲ್ಲೂ ಮೊದಲು ಹೇಳಲೇಬೇಕು! (ಹಣ್ಣಿನ ಜಗಳ ಇನ್ನೂ ಮಜಾ. ತಾನಾಗಿ ನಮ್ಮ ಅಂಗಳಕ್ಕೆ ಬಿದ್ದ ಹಣ್ಣು ಜರ್ಮನಿಯಲ್ಲಿ ನಮ್ಮದು, ಇಂಗ್ಲೆಂಡಿನಲ್ಲಿ ಮರದವರದು.)

ಬೇರಿನ ವಿಷಯದಲ್ಲಂತೂ ಆತುರ ಬೇಡವೇ ಬೇಡ. ಪೈಪ್ ಕಟ್ಟಿತು ಅಂದರೆ ಮರದ ಮೇಲೇ ಗೂಬೆ ಕೂರಿಸುತ್ತೇವೆ. ಗಟ್ಟಿಯಾಗಿರುವ ಪೈಪನ್ನು ಬೇರು ಒಡೆಯೋದು ಅಪರೂಪ. ಮೊದಲೇ ಬಿರುಕಿದ್ದ ಕಡೆ, ಜಾಯಿಂಟ್ ಸಡಿಲವಾದ ಕಡೆ ನೀರಿನ ಪಸೆ ಹಿಡಿದು ಒಳಗೆ ನುಗ್ಗುತ್ತದೆ. ಇನ್ನು ಸಿಟ್ಟಿನಲ್ಲಿ ದಪ್ಪ ಬೇರು ಕಡಿದು ಮರ ಒರಗಿತು ಅನ್ನಿ, ಆಗ ಕೇಸು ನಮ್ಮ ಮೇಲೆಯೇ ತಿರುಗಬಹುದು.

ನಾನು ಕೇಸು ಹಾಕಲಿಲ್ಲ. ಪಕ್ಕದವರು ಶೀಟಿನ ಖರ್ಚು ಕೊಟ್ಟರು, ಗಾಜು ನಾನೇ ಹಾಕಿಸಿದೆ. ಮಾತು ಈಗ ಸ್ವಲ್ಪ ಕಡಿಮೆ. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದು ಯಾವ ಸ್ನೇಹ ಉಳಿಸೋಕೆ ಅಂತ ನನಗೇ ನಗು ಬರುತ್ತದೆ.

ಹೋದ ವಾರ ಇನ್ನೊಂದು ಪಕ್ಕದ ಮನೆಯ ಮೇಡಂ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. ನಮ್ಮ ಮರದ ಕೊಂಬೆ ಅವರ ನೀರಿನ ಟ್ಯಾಂಕ್ ಮೇಲೆ ಬಾಗಿದೆ. ಕೆಳಗೆ ತಾರೀಖು ಹಾಕಿ ಎರಡೇ ಸಾಲು, ದಯವಿಟ್ಟು ಕಡಿಸಿ ಅಂತ. ಎದುರಿಗೆ ಬಂದು ಹೇಳಿದ್ದರೆ ಆಗ್ತಿರಲಿಲ್ವಾ, ತಾರೀಖು ಬೇರೆ ಹಾಕ್ತಾರೆ ಅಂತ ಒಂದು ಕ್ಷಣ ಚುಚ್ಚಿತು. ಭಾನುವಾರ ಮರ ಕಡಿಯುವವರು ಬರುತ್ತಿದ್ದಾರೆ.